ಪ್ಯಾಂಪರ್ಸ್ ಬಿಟ್ಟು ಬಟ್ಟೆಗೆ: ಮೊದಲ ಪಾಠ ಬಚ್ಚಲಲ್ಲಿ

ಆನೆ, ನವಿಲು, ಕಲ್ಲಂಗಡಿ ಹೋಳಿನ ಚಿತ್ರವಿರುವ ಆರು ಬಟ್ಟೆ ಡೈಪರ್ ಮನೆಗೆ ಬರುತ್ತವೆ. ಪೊಟ್ಟಣ ಒಡೆದ ದಿನವೇ ಮಗುವಿಗೆ ಒಂದನ್ನು ತೊಡಿಸುತ್ತಾರೆ. ಅರ್ಧ ಗಂಟೆಯೊಳಗೆ ತೊಡೆಸಂದಿಯಿಂದ ಸೋರಿ ತಾಯಿಯ ನೈಟಿ, ಹಾಸಿಗೆ, ಎತ್ತಿಕೊಂಡ ತಾತನ ಪಂಚೆ ಎಲ್ಲವೂ ಒದ್ದೆ. ಎರಡನೇ ವಾರದ ಹೊತ್ತಿಗೆ ಒಗೆದು ಒಣಗಿಸಿದ ಡೈಪರಿನಿಂದಲೂ ಮೂಗಿಗೆ ಬಡಿಯುವ ಘಾಟು ಏಳುತ್ತದೆ. ತಿಂಗಳು ತುಂಬುವಷ್ಟರಲ್ಲಿ ಆರೂ ಬೀರುವಿನ ಕೆಳಖಾನೆ ಸೇರಿ, ಮೆಡಿಕಲ್ ಶಾಪಿನಿಂದ ಮತ್ತೆ ‘ಪ್ಯಾಂಪರ್ಸ್’ ಬರುತ್ತದೆ. ಕಂಪನಿ ಯಾವುದೇ ಆಗಲಿ, ಬಳಸಿ ಬಿಸಾಡುವ ಡೈಪರಿಗೆಲ್ಲ ನಮ್ಮ ಊರುಗಳಲ್ಲಿ ಅದೇ ಹೆಸರು. ಯಾಕೆ ಬಿಟ್ಟಿರಿ ಎಂದು ಕೇಳಿದರೆ ಸಿಗುವ ಉತ್ತರ: “ನಮ್ಮ ಮಗೂಗೆ ಬಟ್ಟೇದು ಒಗ್ಗಲಿಲ್ಲ ಕಣ್ರೀ.”

ಒಗ್ಗದೆ ಹೋದದ್ದು ಮಗುವಿಗಲ್ಲ, ಬಚ್ಚಲಿಗೆ. ಬಟ್ಟೆ ಡೈಪರ್ ಸೋಲುವ ಮನೆಗಳಲ್ಲಿ ಬಹುಪಾಲು ತಪ್ಪು ಒಗೆಯುವಲ್ಲಿ, ಒಣಗಿಸುವಲ್ಲಿ ಆಗಿರುತ್ತದೆ. ಅದನ್ನು ಮೊದಲು ಸರಿಮಾಡಿಕೊಂಡರೆ ಉಳಿದದ್ದು ಅಷ್ಟು ಕಷ್ಟವಲ್ಲ.

ಬಟ್ಟೆ ನಮಗೆ ಹೊಸತೂ ಅಲ್ಲ. ಅಜ್ಜಿಯ ಹಳೆ ಹತ್ತಿ ಸೀರೆ, ತಾತನ ಸವೆದ ಪಂಚೆ ಹರಿದು ಮಾಡಿದ ಲಂಗೋಟಿಯನ್ನು ಮಗುವಿನ ಉಡುದಾರಕ್ಕೆ ಹಿಂದೆ ಮುಂದೆ ಸಿಕ್ಕಿಸಿದರೆ ಮುಗಿಯಿತು. ಬಿಸಾಡುವ ಡೈಪರ್ ಅಮೆರಿಕದ ಅಂಗಡಿಗಳಿಗೆ ಪ್ಯಾಂಪರ್ಸ್ ಹೆಸರಿನಲ್ಲಿ ಬಂದದ್ದು 1961ರಲ್ಲಿ. ಈಗ ಮಾರುಕಟ್ಟೆಯಲ್ಲಿರುವ ಬಟ್ಟೆ ಡೈಪರ್ ಇವೆರಡರ ನಡುವಿನದು: ಒಳಗೆ ಲಂಗೋಟಿಯ ಹತ್ತಿ, ಹೊರಗೆ ನೀರು ದಾಟದ ಹೊದಿಕೆ.

ಬಟ್ಟೆ ಹೀರುವುದು ಹೇಗೆ

ಬಿಸಾಡುವ ಡೈಪರಿನ ಹೊಟ್ಟೆಯಲ್ಲಿ ಸಕ್ಕರೆ ಹರಳಿನಂಥ ಪುಡಿ ಇರುತ್ತದೆ, ಸೋಡಿಯಂ ಪಾಲಿಅಕ್ರಿಲೇಟ್. ಅದು ತನ್ನ ತೂಕದ ಹತ್ತಾರು ಪಟ್ಟು ಮೂತ್ರವನ್ನು ಹೀರಿ ಜೆಲ್ಲಿಯಂತೆ ಉಬ್ಬುತ್ತದೆ. ಮಗು ಅದರ ಮೇಲೆ ಕೂತು ಒತ್ತಿದರೂ ಸುಲಭಕ್ಕೆ ನೀರು ಬಿಟ್ಟುಕೊಡುವುದಿಲ್ಲ. ಬಟ್ಟೆಯ ಸ್ವಭಾವ ಬೇರೆ. ನೂಲಿನ ಎಳೆಗಳ ನಡುವಿನ ಸಂದಿಯಲ್ಲಿ ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಒತ್ತಿದರೆ ಬಿಡುತ್ತದೆ. ಆದ್ದರಿಂದ ಬಟ್ಟೆಯನ್ನು ಬೇಗ ಬೇಗ ಬದಲಿಸಬೇಕು, ಆ ಸಂದಿಗಳು ಸದಾ ತೆರೆದಿರುವಂತೆಯೂ ನೋಡಿಕೊಳ್ಳಬೇಕು. ಎಣ್ಣೆ, ಮೇಣ, ಸೋಪಿನ ಜಿಗುಟು, ಯಾವುದು ಕೂತರೂ ಸಂದಿ ಮುಚ್ಚುತ್ತದೆ. ತಲೆಗೆ ಎಣ್ಣೆ ಹಚ್ಚುವವರ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡರೆ ನೀರು ಜಾರುತ್ತದಲ್ಲ, ಹಾಗೆಯೇ ಇದೂ.

ಹೊಸ ಪಂಚೆಯಲ್ಲಿ ಮೈ ಒರೆಸಿಕೊಂಡವರಿಗೆ ಇನ್ನೊಂದು ಸಂಗತಿ ಗೊತ್ತು: ಅದು ನೀರು ಹೀರುವುದೇ ಇಲ್ಲ. ಹತ್ತಿಯ ಎಳೆಯ ಮೇಲೆ ಹುಟ್ಟಿನಿಂದಲೇ ತೆಳುವಾದ ಮೇಣವಿರುತ್ತದೆ, ನೇಯುವಾಗ ಹಾಕಿದ ಗಂಜಿಯೂ ಉಳಿದಿರಬಹುದು. ಹಲವು ಸಲ ಒಗೆದ ಮೇಲಷ್ಟೇ ಅವೆರಡೂ ಬಿಡುವುದು. ಬಾಣಂತಿಕೋಣೆಗೆ ಅಜ್ಜಿ ಹೊಸ ಬಟ್ಟೆ ಬಿಟ್ಟು ಹಳೆ ಪಂಚೆಯನ್ನೇ ಹುಡುಕುತ್ತಿದ್ದುದು ಜಿಪುಣತನಕ್ಕಲ್ಲ. ನೂರು ಸಲ ಒಗೆದ ಬಟ್ಟೆಯಷ್ಟು ಮೆತ್ತಗಿನದು, ಚೆನ್ನಾಗಿ ಹೀರುವಂಥದು ಬೇರೆ ಸಿಗುತ್ತಿರಲಿಲ್ಲ.

ಕೊಳ್ಳುವ ಮೊದಲು ಮೂರು ಪ್ರಶ್ನೆ

ಯಾವ ಕಂಪನಿ, ಯಾವ ಚಿತ್ರ ಎಂಬುದು ಆಮೇಲೆ. ಮೊದಲು ಈ ಮೂರಕ್ಕೆ ಉತ್ತರ ಕಂಡುಕೊಳ್ಳಿ.

ಒಗೆಯುವವರು ಯಾರು? ‘ಪರಿಸರಕ್ಕೆ ಒಳ್ಳೆಯದು’ ಎಂದು ತೀರ್ಮಾನಿಸುವವರು ಒಬ್ಬರು, ಬಕೆಟ್ಟಿನ ಮುಂದೆ ಕೂರುವವರು ಇನ್ನೊಬ್ಬರು ಆದರೆ ಆ ಮನೆಯಲ್ಲಿ ಬಟ್ಟೆ ಡೈಪರ್ ಹದಿನೈದು ದಿನ ಬಾಳುವುದಿಲ್ಲ. ಮನೆಕೆಲಸದವರಿಂದ ಒಗೆಸುವುದಿದ್ದರೆ ಮೊದಲೇ ಕೇಳಿ ಒಪ್ಪಿಸಿ, ಸಂಬಳ ಹೆಚ್ಚಿಸಿ. ಕಕ್ಕ ತೆಗೆದು ಜಾಲಾಡುವ ಕೆಲಸ ಮನೆಯವರದೇ ಆಗಿರಲಿ. ಗಂಡ ಹೆಂಡಿರಿಬ್ಬರೂ ದಿನ ಬಿಟ್ಟು ದಿನ ಹಂಚಿಕೊಂಡರಂತೂ ಅರ್ಧ ಗೆದ್ದಂತೆ.

ನೀರು ಎಂಥದು? ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಆಳದ ಬೋರ್‌ವೆಲ್ಲಿನ ನೀರಿಗೂ ಬೆಂಗಳೂರಿನ ಕಾವೇರಿ ನೀರಿಗೂ ಸೋಪಿನ ಲೆಕ್ಕ ಬೇರೆ. ಅದೇ ಬೆಂಗಳೂರಿನಲ್ಲಿ ಟ್ಯಾಂಕರ್ ನೀರು ಬಂದ ವಾರ ಮತ್ತೆ ಲೆಕ್ಕ ಬದಲು. ಪರೀಕ್ಷೆ ಸುಲಭ. ಬಾಟಲಿಗೆ ಅರ್ಧ ನೀರು ತುಂಬಿ, ಮೈಸೋಪಿನ ಒಂದಿಷ್ಟು ಚೂರು ಹಾಕಿ, ಮುಚ್ಚಿ ಕುಲುಕಿ. ಧಾರಾಳವಾಗಿ ನೊರೆ ಬಂದು ಕೆಳಗಿನ ನೀರು ತಿಳಿಯಾಗಿದ್ದರೆ ಮೆದು ನೀರು. ನೊರೆ ಬಾರದೆ ಮೊಸರೊಡೆದಂತೆ ತೇಲಿದರೆ ಗಡಸು ನೀರು. ಆ ಒಡೆದ ಮೊಸರೇ ಡೈಪರಿನ ಎಳೆಗಳಲ್ಲಿ ಕೂತು ಸಂದಿ ಮುಚ್ಚುವುದು. ಇಂಥ ಕಡೆ ಬಟ್ಟೆಸೋಪಿನ ಬಾರ್ ಬಿಟ್ಟು ಡಿಟರ್ಜೆಂಟ್ ಪುಡಿಯನ್ನೇ ಬಳಸಿ, ಸ್ವಲ್ಪ ಹೆಚ್ಚು ಹಾಕಿ.

ಒಣಗುವುದೆಲ್ಲಿ? ಕಲಬುರಗಿಯ ಮಾಳಿಗೆಯ ಮೇಲೆ ಒಂದು ಹೊತ್ತಿನಲ್ಲಿ ಗರಿಗರಿಯಾಗುವ ಬಟ್ಟೆ ಮಡಿಕೇರಿಯ ಆಷಾಢದಲ್ಲಿ ಮೂರು ದಿನವಾದರೂ ತೇವ ಆರದೆ ಮುಗ್ಗಲು ಹಿಡಿಯಬಹುದು. ಯಾವ ಬಗೆಯ ಡೈಪರ್ ಕೊಳ್ಳಬೇಕು ಎಂಬುದನ್ನು ನಿರ್ಧರಿಸುವುದು ಈ ಪ್ರಶ್ನೆಯೇ.

ಬಗೆಗಳು ಮುಖ್ಯವಾಗಿ ಮೂರು. ಚೌಕ ಬಟ್ಟೆಯನ್ನು ಮಡಿಸಿ ಮೇಲೆ ಕವರ್ ಹಾಕುವುದು ಅಗ್ಗ. ಬಿಡಿಸಿ ಹರವಿದರೆ ಒಂದೇ ಪದರ, ಬೇಗ ಒಣಗುತ್ತದೆ. ಪಾಕೆಟ್ ಡೈಪರಿನಲ್ಲಿ ಹೀರುವ ಪ್ಯಾಡನ್ನು ಒಂದು ಜೇಬಿನೊಳಗೆ ತೂರಿಸಬೇಕು, ಒಗೆಯುವಾಗ ಹೊರಗೆಳೆಯಬೇಕು. ಎಲ್ಲ ಪದರಗಳನ್ನೂ ಸೇರಿಸಿ ಹೊಲಿದ ‘ಆಲ್ ಇನ್ ಒನ್’ ತೊಡಿಸಲು ಸಲೀಸು, ಒಣಗಲು ಸೋಮಾರಿ. ಬಯಲುಸೀಮೆಯವರು ಯಾವುದನ್ನಾದರೂ ಕೊಳ್ಳಬಹುದು. ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚೌಕ ಬಟ್ಟೆಯನ್ನೇ ನಂಬುವುದು ಕ್ಷೇಮ.

ಒಂದೇ ಸಲಕ್ಕೆ ಇಪ್ಪತ್ತು ಕೊಳ್ಳಬೇಡಿ. ಒಂದು ಮಗುವಿನ ತೊಡೆಗೆ ಕೂತದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಬೇರೆ ಬೇರೆ ಬಗೆಯ ನಾಲ್ಕೈದು ತಂದು ನೋಡಿ, ಹೊಂದಿದ್ದನ್ನು ಹೆಚ್ಚಿಸಿಕೊಳ್ಳಿ.

ಬದಲಾವಣೆಯ ಹೆಜ್ಜೆಗಳು

1. ತೊಡಿಸುವ ಮೊದಲು ಒಗೆಯಿರಿ. ಹತ್ತಿ, ಬಿದಿರಿನ ನೂಲು, ಸೆಣಬಿನ ಜಾತಿಯ ಹೆಂಪ್ ಪ್ಯಾಡುಗಳನ್ನು ಬಿಸಿನೀರು, ಡಿಟರ್ಜೆಂಟಿನಲ್ಲಿ ನಾಲ್ಕರಿಂದ ಆರು ಸಲ ಒಗೆದು ಒಣಗಿಸಿ. ಸಿಂಥೆಟಿಕ್ ಪ್ಯಾಡಿಗೆ, ಹೊರ ಕವರಿಗೆ ಒಂದು ಸಲ ಸಾಕು. ಪ್ಯಾಡಿನ ಮೇಲೆ ಒಂದು ಚಮಚ ನೀರು ಹಾಕಿ ನೋಡಿ. ತಕ್ಷಣ ಇಂಗಿದರೆ ತಯಾರು, ಮುತ್ತಿನಂತೆ ನಿಂತರೆ ಇನ್ನೊಂದು ಒಗೆತ.

2. ಹಗಲು, ಮನೆಯಲ್ಲಿರುವಾಗ, ದಿನಕ್ಕೆ ಎರಡೇ ಎರಡು ಸಲ ಶುರುಮಾಡಿ. ಒಂದು ವಾರ ಹಾಗೇ ನಡೆಯಲಿ. ಮಗುವಿಗಿಂತ ಹೆಚ್ಚಾಗಿ ಇದು ಮನೆಯವರ ಕೈಗೆ ರೂಢಿಯಾಗಲೆಂದು.

3. ಕಾಲಿನ ಎಲಾಸ್ಟಿಕ್ ತೊಡೆಯ ಮೇಲಲ್ಲ, ತೊಡೆ ಮತ್ತು ಹೊಟ್ಟೆ ಸೇರುವ ಸಂದಿಯಲ್ಲಿ ಕೂರಬೇಕು, ಚಡ್ಡಿಯ ಅಂಚು ಕೂರುವ ಜಾಗದಲ್ಲಿ. ಸೊಂಟದಲ್ಲಿ ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಒಳಗಿನ ಹತ್ತಿ ಬಟ್ಟೆಯ ಒಂದು ಚುಂಗು ಕವರಿನಿಂದ ಆಚೆ ಇಣುಕಿದರೂ ದೀಪದ ಬತ್ತಿ ಎಣ್ಣೆ ಎಳೆದಂತೆ ಅದು ಒದ್ದೆಯನ್ನು ಹೊರಗೆಳೆಯುತ್ತದೆ. ‘ಹೊಸದೇ ಸೋರುತ್ತೆ’ ಎನ್ನುವ ಅರ್ಧ ದೂರುಗಳು ಈ ಚುಂಗಿನಿಂದ. ಗಂಡುಮಗುವಿಗೆ ಪ್ಯಾಡನ್ನು ಮುಂಭಾಗದಲ್ಲಿ ಒಂದು ಮಡಿಕೆ ಹೆಚ್ಚು ಮಾಡಿ.

4. ಎರಡು, ಎರಡೂವರೆ ಗಂಟೆಗೊಮ್ಮೆ ಬದಲಿಸಿ. ಕಕ್ಕ ಮಾಡಿದರೆ ಆ ಕ್ಷಣವೇ. ಪ್ಯಾಂಪರ್ಸಿನಲ್ಲಿ ಆರೇಳು ತಾಸು ದೂಡಿದ ಅಭ್ಯಾಸ ಇಲ್ಲಿ ನಡೆಯುವುದಿಲ್ಲ.

5. ಎದೆಹಾಲು ಮಾತ್ರ ಕುಡಿಯುವ ಕೂಸಿನ ಕಕ್ಕ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಆರು ತಿಂಗಳಿಗೆ ರಾಗಿಸರಿ ಶುರುವಾದ ಮೇಲೆ ಆಟ ಬೇರೆ. ಕಕ್ಕವನ್ನು ಕಮೋಡಿಗೆ ಉದುರಿಸಿ, ಪಕ್ಕದ ಪೈಪಿನ ರಭಸದಿಂದ ಜಾಲಾಡಿ, ಆಮೇಲೆ ಬುಟ್ಟಿಗೆ ಹಾಕಿ. ಇದಕ್ಕೆ ಮೊದಲು ತಣ್ಣೀರೇ ಬೇಕು. ಬಿಸಿನೀರು ಬಿದ್ದರೆ ಕಲೆ ಕಚ್ಚಿಕೊಳ್ಳುತ್ತದೆ.

6. ಒದ್ದೆ ಡೈಪರನ್ನು ಮುಚ್ಚಳ ಬಿಗಿದ ಬಕೆಟ್ಟಿನಲ್ಲಿ ನೀರಿಗೆ ಮುಳುಗಿಸಿ ಇಡಬೇಡಿ. ತೂತಿರುವ ಪ್ಲಾಸ್ಟಿಕ್ ಬುಟ್ಟಿ ಸಾಕು. ಎರಡು ದಿನಕ್ಕಿಂತ ಹೆಚ್ಚು ಕೂಡಿಡಬಾರದು.

7. ಹಗಲು ಸಲೀಸಾದ ಮೇಲೆ ರಾತ್ರಿ, ಅದೂ ಆದ ಮೇಲೆ ಪ್ರಯಾಣ. ರಾತ್ರಿಗೆ ಎರಡು ಪ್ಯಾಡ್ ಬೇಕು: ಬೇಗ ಹೀರುವ ಹತ್ತಿ ಮೈ ಕಡೆಗೆ, ಹೆಚ್ಚು ಹಿಡಿದಿಡುವ ಹೆಂಪ್ ಅದರ ಕೆಳಗೆ. ಇಷ್ಟಾದರೂ ರಾತ್ರಿ ಸೋರಿ ಯಾರಿಗೂ ನಿದ್ದೆಯಿಲ್ಲದಿದ್ದರೆ ರಾತ್ರಿಗೊಂದು ಬಿಸಾಡುವ ಡೈಪರ್ ಹಾಕಿ ಎಲ್ಲರೂ ಮಲಗಿ. ಸೋತಂತೆ ಏನೂ ಅಲ್ಲ.

ಆ ಕೊನೆಯ ಮಾತನ್ನು ಲೆಕ್ಕದಲ್ಲಿ ನೋಡೋಣ. ದಿನಕ್ಕೆ ಆರರಂತೆ ಎರಡು ವರ್ಷಕ್ಕೆ 4,380 ಬಿಸಾಡುವ ಡೈಪರ್ ಬೇಕು. ಒಂದಕ್ಕೆ 10 ರೂಪಾಯಿ ಹಿಡಿದರೂ 43,800 ರೂಪಾಯಿ. ಒಂದಕ್ಕೆ 500ರಂತೆ ಇಪ್ಪತ್ತು ಬಟ್ಟೆ ಡೈಪರಿಗೆ 10,000. ರಾತ್ರಿಗೊಂದು, ಹೊರಗೆ ಹೋಗುವಾಗೊಂದು ಎಂದು ದಿನಕ್ಕೆ ಎರಡು ಪ್ಯಾಂಪರ್ಸ್ ಉಳಿಸಿಕೊಂಡರೂ ಅದಕ್ಕೆ 14,600, ಎರಡೂ ಸೇರಿ 24,600. ಸೋಪು, ನೀರು, ಕರೆಂಟು, ಒಗೆಯುವವರ ಕೂಲಿ ಇದರ ಮೇಲೆ. ಅಂದರೆ ಪೂರ್ತಿ ಬದಲಾಗದ ಮನೆಗೂ ಉಳಿತಾಯವಿದೆ, ಕಸವೂ ಮೂರನೇ ಒಂದಕ್ಕೆ ಇಳಿಯುತ್ತದೆ.

ಒಗೆತ, ಒಣಗಿಸುವುದು

ಕೈಯಲ್ಲಿ ಒಗೆಯುವವರು ಮೊದಲು ತಣ್ಣೀರಲ್ಲಿ ಜಾಲಿಸಿ ಮೂತ್ರದ ನೀರು ಪೂರ್ತಿ ಚೆಲ್ಲಬೇಕು. ಆಮೇಲೆ ಕೈ ತಾಳುವಷ್ಟು ಬಿಸಿಯಾದ ನೀರಿಗೆ ಡಿಟರ್ಜೆಂಟ್ ಕದಡಿ ಅರ್ಧ ಗಂಟೆ ನೆನೆಸಿ, ಉಜ್ಜಿ, ನೊರೆ ನಿಲ್ಲುವವರೆಗೆ ಎರಡು ಮೂರು ನೀರಿನಲ್ಲಿ ಜಾಲಾಡಬೇಕು. ಪ್ಯಾಡುಗಳನ್ನು ಒಗೆಯುವ ಕಲ್ಲಿನ ಮೇಲೆ ಬಡಿದರೂ ತಡೆದುಕೊಳ್ಳುತ್ತವೆ. ಕವರನ್ನು ಬಡಿಯಬೇಡಿ, ಹಿಂಡಿ ತಿರುಚಬೇಡಿ. ಬಟ್ಟೆಗೆ ಅಂಟಿಸಿದ ತೆಳುವಾದ ಪಾಲಿಯುರೆಥೇನ್ ಪೊರೆಯೇ ನೀರು ತಡೆಯುವುದು, ಅದು ಬಿರಿದರೆ ಡೈಪರ್ ಮುಗಿಯಿತು.

ಮಷಿನ್ ಇದ್ದವರು ಮೊದಲು ಬರೀ ನೀರಿನಲ್ಲಿ ಒಂದು ಸುತ್ತು ತಿರುಗಿಸಿ ಆ ನೀರು ಬಿಡಿ. ಆಮೇಲೆ ಕಾಟನ್ ಸೈಕಲ್, 40ರಿಂದ 60 ಡಿಗ್ರಿ ಬಿಸಿ, ಪೂರ್ತಿ ಅಳತೆಯ ಡಿಟರ್ಜೆಂಟ್. 60 ಡಿಗ್ರಿಯ ಆಚೆ ಕವರಿನ ಪೊರೆ, ಎಲಾಸ್ಟಿಕ್ ಎರಡೂ ಸೊರಗುತ್ತವೆ. ಡ್ರಮ್ಮು ಮುಕ್ಕಾಲು ತುಂಬಿರಲಿ. ನಾಲ್ಕೇ ನಾಲ್ಕು ಡೈಪರ್ ತಿರುಗಿದರೆ ಒಂದಕ್ಕೊಂದು ಉಜ್ಜಿಕೊಳ್ಳುವುದಿಲ್ಲ, ಕೊಳೆ ಬಿಡುವುದಿಲ್ಲ. ಮಗುವಿನ ಅಂಗಿ, ಟವೆಲ್ ಸೇರಿಸಿ.

‘ಕೂಸಿನ ಬಟ್ಟೆ’ ಎಂಬ ಅಕ್ಕರೆಯಲ್ಲಿ ಚಿಟಿಕೆ ಪುಡಿ ಹಾಕುವವರು ಬಹಳ. ಘಾಟಿನ ಮೂಲ ಅಲ್ಲೇ ಇರುವುದು. ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ ಹುಟ್ಟುತ್ತದೆ. ಸೋಪು ಸಾಲದೆ ಉಳಿದ ಕೊಳೆಯಲ್ಲಿ ಅವು ಮನೆ ಮಾಡಿಕೊಳ್ಳುತ್ತವೆ. ಒಣಗಿದಾಗ ವಾಸನೆಯಿಲ್ಲದೆ, ಮಗು ಒಂದು ಸಲ ಒದ್ದೆ ಮಾಡಿದ ಕೂಡಲೇ ಕಣ್ಣಿಗೆ ಹೊಡೆಯುವ ಘಾಟು ಬಂದರೆ ಪ್ಯಾಡಿನೊಳಗೆ ಕೊಳೆ ಉಳಿದಿದೆ ಎಂದೇ ತಿಳಿಯಿರಿ. ಪ್ಯಾಡುಗಳನ್ನಷ್ಟೇ ಪೂರ್ತಿ ಅಳತೆಯ ಡಿಟರ್ಜೆಂಟಿನಲ್ಲಿ, ಬಿಸಿನೀರಿನ ದೀರ್ಘ ಸೈಕಲ್ಲಿನಲ್ಲಿ ಒಗೆದು ಎರಡು ಮೂರು ಸಲ ಜಾಲಾಡಿ, ಬಿಸಿಲಿಗೆ ಹಾಕಿ. ಮೇಲೆ ಸೆಂಟಿನ ದ್ರವ ಸುರಿದು ಮುಚ್ಚಿಹಾಕಿದರೆ ವಾಸನೆ ನಾಲ್ಕು ದಿನ ಅಡಗುತ್ತದೆ, ಅಷ್ಟೆ.

ಒಣಗಿಸುವ ವಿಷಯದಲ್ಲಿ ಕನ್ನಡ ನಾಡಿಗೆ ಒಂದು ಅನುಕೂಲವಿದೆ. ಬ್ರಿಟನ್ನಿನ ಎನ್ವಿರಾನ್‌ಮೆಂಟ್ ಏಜೆನ್ಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಒಂದು ಮುಜುಗರದ ಸತ್ಯ ಹೇಳಿತು: ಅಲ್ಲಿನವರು ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ ಬಳಸಿದರೆ ಇಂಗಾಲದ ಲೆಕ್ಕದಲ್ಲಿ ಬಟ್ಟೆ ಡೈಪರಿಗೂ ಬಿಸಾಡುವುದಕ್ಕೂ ಹೆಚ್ಚು ಅಂತರವಿಲ್ಲ. ಮಷಿನ್ ತುಂಬ ಹಾಕಿ ಒಗೆದು, ತಂತಿಯ ಮೇಲೆ ಒಣಗಿಸಿ, ಎರಡನೇ ಮಗುವಿಗೂ ಅದನ್ನೇ ತೊಡಿಸಿದರೆ ಮಾತ್ರ ಬಟ್ಟೆಯ ಹೊರೆ ಶೇ 40ರಷ್ಟು ಇಳಿಯುತ್ತದೆ. ಅವರಿಗೆ ಅದು ಪ್ರಯತ್ನಪಟ್ಟು ಮಾಡಬೇಕಾದ ಕೆಲಸ. ಇಲ್ಲಿ ತಂತಿಯೂ ಬಿಸಿಲೂ ಮೊದಲಿಂದ ಇದ್ದದ್ದೇ, ಅಣ್ಣನ ಬಟ್ಟೆ ತಮ್ಮನಿಗೆ ಹಾಕುವುದೂ.

ಪ್ಯಾಡುಗಳನ್ನು ನೇರ ಬಿಸಿಲಿಗೆ ಹಾಕಿ, ಹಳದಿ ಕಲೆ ತಾನಾಗಿ ಮಾಸುತ್ತದೆ. ಕವರುಗಳನ್ನು ನೆರಳಿನಲ್ಲಿ ಗಾಳಿಗೆ, ಎಲಾಸ್ಟಿಕ್ ಜಗ್ಗದಂತೆ ಅಡ್ಡಲಾಗಿ ಹಾಕಿ. ಮಳೆಗಾಲಕ್ಕೆ ಮಲೆನಾಡಿನ ಹಳೆ ಮನೆಗಳಲ್ಲಿ ಬಚ್ಚಲ ಒಲೆಯ ಮೇಲೆ ಬಿದಿರಿನ ಗಳು ಇರುತ್ತಿತ್ತು, ಕೂಸಿನ ಬಟ್ಟೆ ಒಣಗುತ್ತಿದ್ದುದು ಅಲ್ಲೇ. ಒಲೆ ಹೋಗಿ ಗೀಸರ್ ಬಂದ ಮನೆಯಲ್ಲಿ ದಾರಿ ಹೀಗೆ: ಹಿಂಡಿದ ಪ್ಯಾಡನ್ನು ಒಣ ಟವೆಲ್ಲಿನಲ್ಲಿ ಸುರುಳಿ ಸುತ್ತಿ ಒತ್ತಿ, ಫ್ಯಾನಿನ ಕೆಳಗೆ ಹರವಿ, ಕೊನೆಯ ತೇವಕ್ಕೆ ಇಸ್ತ್ರಿ. ಇಸ್ತ್ರಿ ಹತ್ತಿ ಬಟ್ಟೆಗೆ ಮಾತ್ರ; ಕವರಿಗೆ ಮುಟ್ಟಿಸಿದರೆ ಪೊರೆ ಕರಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪು

ಘಮಘಮ ಎನ್ನಲೆಂದು ಕೊನೆಯ ನೀರಿಗೆ ಫ್ಯಾಬ್ರಿಕ್ ಕಂಡಿಷನರ್ ಹಾಕುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬಟ್ಟೆಯನ್ನು ಮೆತ್ತಗೆ ಮಾಡುವ ಆ ದ್ರವ ಎಳೆಗಳಿಗೆ ಜಿಡ್ಡಿನ ಲೇಪ ಹಾಕುತ್ತದೆ. ಡೈಪರ್ ಮೆತ್ತಗಿರುತ್ತದೆ, ಹೀರುವುದಿಲ್ಲ.

ಎರಡನೆಯದು ಎಣ್ಣೆನೀರಿನ ದಿನದ್ದು. ಹರಳೆಣ್ಣೆ ತಿಕ್ಕಿ ಎರೆದು ಮಲಗಿಸಿದ ಕೂಸಿಗೆ ನೇರವಾಗಿ ಪಾಕೆಟ್ ಡೈಪರ್ ತೊಡಿಸಿದರೆ ಎಣ್ಣೆಯೆಲ್ಲ ಪ್ಯಾಡಿಗೆ. ಆ ಒಂದೆರಡು ಗಂಟೆ ಹಳೆ ಲಂಗೋಟಿಯೇ ಇರಲಿ. ರ‍್ಯಾಷ್‌ಗೆಂದು ಹಚ್ಚುವ ಜಿಂಕ್ ಆಕ್ಸೈಡ್, ಪೆಟ್ರೋಲಿಯಂ ಜೆಲ್ಲಿಯ ಮುಲಾಮಿಗೂ ಇದೇ ಮಾತು: ನಡುವೆ ತೆಳುವಾದ ಪಂಚೆ ತುಂಡು ಹಾಕಿ.

ಮೈಕ್ರೋಫೈಬರ್ ಪ್ಯಾಡನ್ನು ಚರ್ಮಕ್ಕೆ ತಾಗಿಸಿ ಇಡುವುದು ಮೂರನೆಯದು. ಕಾರು ಒರೆಸುವ ಬಟ್ಟೆಯ ಜಾತಿಯದು ಅದು, ಚರ್ಮದ ಪಸೆಯನ್ನೂ ಎಳೆದುಬಿಡುತ್ತದೆ. ಜೇಬಿನೊಳಗೇ ಇರಬೇಕು.

ಡೆಟ್ಟಾಲ್‌ನಂಥ ದ್ರವದಲ್ಲಿ ದಿನಾ ಅದ್ದುವುದು, ಬ್ಲೀಚ್ ಸುರಿಯುವುದು, ಕವರನ್ನು ಕುದಿಸುವುದು, ಇವೆಲ್ಲ ಶುಚಿಯ ಹೆಸರಿನ ಅತಿರೇಕ. ಸರಿಯಾದ ಅಳತೆಯ ಡಿಟರ್ಜೆಂಟ್, ಬೇಕಾದಷ್ಟು ನೀರು, ಬಿಸಿಲು ಇದ್ದರೆ ಅವುಗಳ ಅಗತ್ಯವಿಲ್ಲ. ಉಳಿದುಕೊಂಡ ರಾಸಾಯನಿಕದಿಂದ ಮಗುವಿನ ಚರ್ಮ ಉರಿಯಬಹುದು.

ಎಚ್ಚರಿಕೆ

ಬಟ್ಟೆ ಹಾಕಿದರೆ ರ‍್ಯಾಷ್ ಬರುವುದೇ ಇಲ್ಲ ಎನ್ನುವ ಜಾಹೀರಾತು ನಂಬಬೇಡಿ. ಒದ್ದೆ, ಕಕ್ಕದಲ್ಲಿರುವ ಕಿಣ್ವಗಳು, ಉಜ್ಜಾಟ ಮೂರೂ ಸೇರಿ ಚರ್ಮ ಕೆಂಪಾಗುವುದು, ಒದ್ದೆ ಬಟ್ಟೆಯಲ್ಲಿ ಬಿಟ್ಟರೆ ಇನ್ನೂ ಬೇಗ. ದಿನಕ್ಕೆ ನಾಲ್ಕಾರು ಸಲ ಕಾಲು ಗಂಟೆ ಏನೂ ತೊಡಿಸದೆ ಗಾಳಿಗೆ ಬಿಡಿ. ಪೌಡರ್ ಸುರಿಯಬೇಡಿ, ಅದರ ಧೂಳು ಮಗುವಿನ ಶ್ವಾಸಕ್ಕೆ ಹೋಗುತ್ತದೆ. ಚರ್ಮದ ಮಡಿಕೆಗಳ ಒಳಗೂ ಕಡುಕೆಂಪಾಗಿ, ಸುತ್ತ ಚುಕ್ಕಿ ಚುಕ್ಕಿ ಗುಳ್ಳೆ ಎದ್ದಿದ್ದರೆ ಅದು ಶಿಲೀಂಧ್ರದ ಸೋಂಕು ಇರಬಹುದು. ಮನೆಮದ್ದು ಬೇಡ, ಮಕ್ಕಳ ಡಾಕ್ಟರಿಗೆ ತೋರಿಸಿ.

ಹೊಕ್ಕುಳಬಳ್ಳಿ ಉದುರುವವರೆಗೆ ಡೈಪರಿನ ಅಂಚನ್ನು ಹೊಕ್ಕುಳಿನ ಕೆಳಗೆ ಮಡಿಸಿ. ಲಂಗೋಟಿಗೆ ಪಿನ್ನು ಬೇಡ. ಡೈಪರಿನ ದಪ್ಪಕ್ಕೆ ಕಾಲು ಸೊಟ್ಟಗಾಗುತ್ತದೆ ಎಂದು ಹಿರಿಯರು ಹೆದರುವುದುಂಟು. ತೊಡೆ ಅಗಲಿಸಿ ಕಪ್ಪೆಯಂತೆ ಕಾಲು ಮಡಿಸುವುದೇ ಕೂಸಿನ ಸಹಜ ಭಂಗಿ. ಸೊಂಟದ ಕೀಲಿಗೆ ಕೆಡುಕಾಗುವುದು ಕಾಲು ನೇರ ಮಾಡಿ ಬಿಗಿಯಾಗಿ ಸುತ್ತಿದಾಗ.

ಅದೇ ಹಿರಿಯರಿಂದ ಕಲಿಯುವುದೂ ಇದೆ. ಎರಡು ಪಾದ ಜೋಡಿಸಿ, ಅದರ ಮೇಲೆ ಮಗುವನ್ನು ಕೂರಿಸಿಕೊಂಡು ‘ಸ್ಸ್...’ ಎಂದು ಒಂದಕ್ಕೆ ಹೋಗಿಸುತ್ತಿದ್ದರಲ್ಲ, ನಿದ್ದೆಯಿಂದೆದ್ದ ಕೂಡಲೇ, ಹಾಲು ಕುಡಿದ ಸ್ವಲ್ಪ ಹೊತ್ತಿಗೆ ಹಾಗೆ ಕೂರಿಸಿದರೆ ದಿನಕ್ಕೆ ಎರಡು ಡೈಪರಾದರೂ ಉಳಿಯುತ್ತವೆ. ಒಗೆಯದೆ ಉಳಿದ ಡೈಪರಿಗಿಂತ ಅಗ್ಗದ್ದು ಯಾವುದಿದೆ?

ಉಳಿಸಿಕೊಂಡ ಪ್ಯಾಂಪರ್ಸ್ ಬಿಸಾಡುವಾಗಲೂ ಕಕ್ಕ ಕಮೋಡಿಗೇ ಹೋಗಬೇಕು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಡೈಪರನ್ನು ನೈರ್ಮಲ್ಯ ತ್ಯಾಜ್ಯದ ಸಾಲಿಗೆ ಸೇರಿಸಿದವು. ಅದನ್ನು ಚೆನ್ನಾಗಿ ಸುತ್ತಿಕೊಡಬೇಕು. ಬೆಂಗಳೂರಿನ ‘ಎರಡು ಡಬ್ಬಿ, ಒಂದು ಚೀಲ’ ಪದ್ಧತಿಯಲ್ಲಿ ಇದಕ್ಕೆ ಕೆಂಪು ಡಬ್ಬಿ. ಪೇಪರಿನಲ್ಲಿ ಸುತ್ತಿ ಮೇಲೊಂದು ಕೆಂಪು ಗುರುತು ಹಾಕಿದರೆ ಕಸ ಬೇರ್ಪಡಿಸುವವರು ಬಿಚ್ಚಿ ನೋಡಬೇಕಾಗುವುದಿಲ್ಲ.

ಮಗು ಡೈಪರ್ ಬಿಟ್ಟ ಮೇಲೆ ಪೆಟ್ಟಿಗೆಯಲ್ಲಿಡುವವರಿಗೆ ಒಂದು ಮಾತು. ಪೂರ್ತಿ ಒಣಗಿಸಿ, ಹತ್ತಿ ಚೀಲದಲ್ಲಿ ಕಟ್ಟಿಡಿ. ನುಸಿಗುಳಿಗೆ ಹಾಕಲೇಬೇಡಿ. ಅದರಲ್ಲಿರುವ ನ್ಯಾಫ್ತಲೀನ್, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಕೂಸುಗಳಲ್ಲಿ ಕೆಂಪು ರಕ್ತಕಣಗಳನ್ನು ಒಡೆದು ಜೋರು ಕಾಮಾಲೆ ತರಬಲ್ಲದು. ಆ ಕೊರತೆ ಇದೆಯೋ ಇಲ್ಲವೋ ಎಂಬುದು ಸಾಮಾನ್ಯವಾಗಿ ಮನೆಯವರಿಗೆ ತಿಳಿದೇ ಇರುವುದಿಲ್ಲ. ಅಟ್ಟದ ಟ್ರಂಕಿನಿಂದ ತೆಗೆದ ಅಜ್ಜಿಯ ಸೀರೆಗೂ ಇದು ಅನ್ವಯ. ಗುಳಿಗೆಯ ವಾಸನೆ ಬಂದರೆ ಒಗೆದು, ದಿನಗಟ್ಟಲೆ ಬಿಸಿಲಿಗೆ ಹಾಕಿ, ವಾಸನೆ ಪೂರ್ತಿ ಹೋದ ಮೇಲಷ್ಟೇ ಕೂಸಿನ ಹತ್ತಿರ ತನ್ನಿ. ಪೆಟ್ಟಿಗೆಗೆ ಒಣಗಿದ ಬೇವಿನೆಲೆ ಸಾಕು. ಮುಂದಿನ ಮಗುವಿಗೆ ತೆಗೆಯುವಾಗ ಎಲಾಸ್ಟಿಕ್ ಎಳೆದು ನೋಡಿ. ಜೋಲಿ ಹೋಗಿದ್ದರೆ ಡೈಪರ್ ಎಸೆಯಬೇಡಿ, ಬೀದಿಯ ಟೈಲರಿನ ಹತ್ತಿರ ಹೊಸದು ಹಾಕಿಸಿಕೊಳ್ಳಿ.